ನಮ್ಮ ಬಲಹೀನತೆಯೂ ಕರ್ತನ ಬಲವೂ



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬಳಾಗಿ ಏನನ್ನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ನಾನು ಕೆಲವು ದಿನ ಸುಮ್ಮನೆ ಕುಳಿತೆನು. ನಾನು ಪಂಡಿತೆಯಲ್ಲ, ಚಿಕ್ಕ ಊರುಗಳ ಮಕ್ಕಳಿಗೆ ಅಕ್ಷರ ಕಲಿಸುತ್ತ ವಯಸ್ಸು ಕಳೆದವಳು. ಶಾಲೆಯ ಕಟ್ಟಡಗಳ ಬೆಳವಣಿಗೆಯನ್ನೂ ಪರೀಕ್ಷೆಗಳ ಫಲಿತಾಂಶಗಳನ್ನೂ ಕುರಿತು ಬರೆಯಲು ನನಗಿಂತ ತಿಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಹೀಗಿರುವಲ್ಲಿ ನಾನು ಏನನ್ನು ಬರೆಯಲಿ ಎಂದು ಯೋಚಿಸುತ್ತಿದ್ದಾಗ ನನ್ನ ಮೊಮ್ಮಗಳು ಕೇಳಿದ ಒಂದು ಪ್ರಶ್ನೆ ನನಗೆ ದಾರಿ ತೋರಿಸಿತು.

ಆಕೆ ಕಾಲೇಜಿನಲ್ಲಿ ಓದುವ ಹುಡುಗಿ. ಒಂದು ಸಂಜೆ ಮನೆಗೆ ಬಂದವಳು ಮುಖ ಬಾಡಿಸಿಕೊಂಡು, “ಅಜ್ಜಿ, ನಾವು ಇಷ್ಟೇ ಜನವೇ?” ಎಂದು ಕೇಳಿದಳು. ೨೦೧೧ನೆಯ ಇಸವಿಯ ಜನಗಣತಿಯ ಪಟ್ಟಿಯನ್ನು ತರಗತಿಯಲ್ಲಿ ನೋಡಿದ್ದಳಂತೆ. ಆ ಗಣತಿಯ ಪ್ರಕಾರ ಕರ್ನಾಟಕದ ಆರು ಕೋಟಿ ಹನ್ನೊಂದು ಲಕ್ಷ ಜನರಲ್ಲಿ ಕ್ರೈಸ್ತರು ಹನ್ನೊಂದು ಲಕ್ಷ ನಲವತ್ತೆರಡು ಸಾವಿರಕ್ಕೆ ಸ್ವಲ್ಪ ಹೆಚ್ಚು. ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ನಮ್ಮವರು ಇಬ್ಬರು ಕೂಡ ಪೂರ್ತಿಯಾಗಿ ದೊರೆಯುವುದಿಲ್ಲ. “ಏನಾದರೂ ಆದರೆ ನಮ್ಮನ್ನು ಕೇಳುವವರು ಯಾರು?” ಎಂದು ಆಕೆ ಮತ್ತೆ ಕೇಳಿದಳು. ಆ ಮಾತಿಗೆ ನಾನು ಒಡನೆ ಉತ್ತರ ಕೊಡಲಿಲ್ಲ. ಏಕೆಂದರೆ ಆ ಪ್ರಶ್ನೆ ನನಗೆ ಹೊಸದಲ್ಲ. ಅದು ನನ್ನ ಬಾಲ್ಯದಿಂದಲೂ ನನ್ನ ಸಂಗಡ ಬಂದಿರುವ ಪ್ರಶ್ನೆ. ಒಮ್ಮೆ ಅದು ನನ್ನನ್ನು ಕೆಳಗೆ ಕೆಡವಿದ್ದೂ ಉಂಟು. ಆ ಸಂಗತಿಯನ್ನು ಇದುವರೆಗೆ ನನ್ನ ತಂದೆಯವರೊಬ್ಬರಿಗೆ ಮಾತ್ರ ತಿಳಿಸಿದ್ದೆನು. ಈಗ ಮೊಮ್ಮಗಳಿಗೂ ತಿಳಿಸಿದ್ದೇನೆ. ಆಕೆಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ.

ನನ್ನ ತಂದೆಯವರು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಸಭೆಯ ಉಪದೇಶಿಗಳಾಗಿದ್ದರು. ಆ ಊರಿನಲ್ಲಿ ಸುಮಾರು ಮುನ್ನೂರು ಮನೆಗಳು. ಅವುಗಳಲ್ಲಿ ನಮ್ಮವು ನಾಲ್ಕು. ನಮ್ಮ ದೇವಾಲಯವೆಂದರೆ ಮಂಗಳೂರು ಹಂಚು ಹೊದಿಸಿದ ಒಂದೇ ಅಂಕಣದ ಕಟ್ಟಡ. ಗಂಟೆ ಕೊಳ್ಳುವಷ್ಟು ಹಣವಿಲ್ಲದುದರಿಂದ ಹುಣಿಸೆಯ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ಕಟ್ಟಿದ್ದರು. ಭಾನುವಾರ ಬೆಳಿಗ್ಗೆ ತಂದೆಯವರು ಸುತ್ತಿಗೆಯಿಂದ ಅದನ್ನು ಬಾರಿಸುವರು. ಊರೆಲ್ಲ ಕೇಳುವುದು, ಆದರೆ ಬರುವವರು ಹದಿನೇಳು ಮಂದಿ. ಮಳೆಗಾಲದಲ್ಲಿ ಹದಿಮೂರು. ಊರಿನವರು ಒಳ್ಳೆಯವರೇ. ಯುಗಾದಿಗೆ ಹೋಳಿಗೆ ನಮ್ಮ ಮನೆಗೆ ಬರುತ್ತಿದ್ದಿತು. ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕಜ್ಜಾಯ ಅವರ ಮನೆಗಳಿಗೆ ಹೋಗುತ್ತಿದ್ದಿತು. ಆದರೂ ಜಾತ್ರೆಯ ದಿನ ತೇರಿನ ಹಗ್ಗಕ್ಕೆ ಸಾವಿರಾರು ಕೈಗಳು ಕೂಡಿ ಬೀದಿಯೇ ನಡುಗುವಂತೆ ಜನ ನೆರೆದಾಗ, ನಾನು ನಮ್ಮ ಜಗಲಿಯ ಕಂಬವನ್ನು ಹಿಡಿದುಕೊಂಡು ನಿಂತು, ‘ಅವರು ಅಷ್ಟು ಮಂದಿ, ನಾವು ಇಷ್ಟೇ ಮಂದಿ’ ಎಂದು ಎಣಿಸುತ್ತಿದ್ದೆನು. ಯಾರೂ ನನಗೆ ಕೇಡು ಮಾಡಲಿಲ್ಲ. ಎಣಿಕೆಯೊಂದೇ ನನಗೆ ಭಯವನ್ನು ಕಲಿಸಿತು.

ಹೀಗೆ ಎಣಿಸುವ ಚಾಳಿಯನ್ನು ಕಟ್ಟಿಕೊಂಡು ನಾನು ಈ ಶಾಲೆಯ ವಿದ್ಯಾರ್ಥಿನಿಲಯಕ್ಕೆ ಬಂದೆನು. ಇಲ್ಲಿ ಸಾಯಂಕಾಲದ ಪ್ರಾರ್ಥನೆಗೆ ನಾವೆಲ್ಲರೂ ಚಾಪೆಯ ಮೇಲೆ ಕುಳಿತು ಒಂದೇ ಸ್ವರದಲ್ಲಿ ಹಾಡುವಾಗ ನನಗೆ ಎಷ್ಟು ಧೈರ್ಯ ಬರುತ್ತಿದ್ದಿತೆಂದರೆ, ಲೋಕವನ್ನೇ ಗೆದ್ದೆವೆಂಬಂತೆ ಇರುತ್ತಿದ್ದಿತು. ಆ ಧೈರ್ಯ ಸಹ ಎಣಿಕೆಯಿಂದಲೇ ಬಂದುದೆಂಬುದು ಆಗ ನನಗೆ ತಿಳಿಯಲಿಲ್ಲ.

ಆ ಕಾಲದಲ್ಲಿ ನಿಲಯದ ಮೇಲ್ವಿಚಾರಣೆ ನೋಡುತ್ತಿದ್ದ ಅಧ್ಯಾಪಿಕೆಯೊಬ್ಬರಿದ್ದರು. ನಾವು ಅವರನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದೆವು. ಅವರು ಕೃಶವಾದ ದೇಹದವರು, ಮೆಲುಮಾತಿನವರು. ಆದರೆ ಹೇಳಿದ ಪಾಠ ಎದೆಯಲ್ಲಿ ಉಳಿಯುವಂತೆ ಹೇಳುವರು. ಒಂದು ರಾತ್ರಿ ಪ್ರಾರ್ಥನೆಗೆ ಅವರು ಅಡಿಗೆಯ ಮನೆಯಿಂದ ಒಂದು ಮಣ್ಣಿನ ಮಡಕೆಯನ್ನು ತರಿಸಿ, ಉರಿಯುವ ಮೇಣದ ಬತ್ತಿಯನ್ನು ನೆಲದ ಮೇಲೆ ನಿಲ್ಲಿಸಿ, ಅದರ ಮೇಲೆ ಮಡಕೆಯನ್ನು ಬೋರಲು ಹಾಕಿ, ಉಸಿರಾಟಕ್ಕೆ ಅಂಚಿನಲ್ಲಿ ಒಂದು ಕಲ್ಲು ಒತ್ತಿಟ್ಟರು. ಉಳಿದ ದೀಪಗಳನ್ನು ಆರಿಸಿದರು. ಕತ್ತಲೆಯಲ್ಲಿಯೇ ಗಿದ್ಯೋನನ ಕಥೆಯನ್ನು ಆರಂಭಿಸಿದರು.

ಆ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಅದು ಬರುತ್ತದೆ. ಮಿದ್ಯಾನ್ಯರು ಏಳು ವರ್ಷ ಇಸ್ರಾಯೇಲ್ಯರ ದೇಶವನ್ನು ಸೂರೆಮಾಡಿದರು. ಪೈರು ಬಲಿತೊಡನೆ ಮಿಡತೆಗಳಂತೆ ಬಂದು ಎಲ್ಲವನ್ನೂ ತಿಂದು ಹೋಗುವರು. ಆದಕಾರಣ ಗಿದ್ಯೋನನು ಗೋದಿಯನ್ನು ಬಯಲಿನ ಕಣದಲ್ಲಿ ಬಡಿಯದೆ, ದ್ರಾಕ್ಷೆ ತುಳಿಯುವ ತೊಟ್ಟಿಯಲ್ಲಿ ಅಡಗಿ ಬಡಿಯುತ್ತಿದ್ದನು. ಅಂಥವನನ್ನು ದೇವದೂತನು ಪರಾಕ್ರಮಶಾಲಿ ಎಂದು ಕರೆದನು. ಗಿದ್ಯೋನನಾದರೋ, ತನ್ನ ಕುಲವು ಮನಸ್ಸೆಯ ಗೋತ್ರದಲ್ಲಿ ಎಲ್ಲಕ್ಕಿಂತ ದುರ್ಬಲವಾದುದು, ತಾನು ತಂದೆಯ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಎಂದು ಅರಿಕೆಮಾಡಿದನು. ಮುಂದೆ ಯುದ್ಧಕ್ಕೆ ಮೂವತ್ತೆರಡು ಸಾವಿರ ಜನ ಕೂಡಿದಾಗ, ಇವರು ಹೆಚ್ಚಾದರೆಂದು ದೇವರೇ ಹೇಳಿದನು. ಅಂಜುವವರು ಮನೆಗೆ ಹೋಗಬಹುದೆಂದು ಸಾರಿದ ಕೂಡಲೆ ಇಪ್ಪತ್ತೆರಡು ಸಾವಿರ ಮಂದಿ ಹೊರಟುಹೋದರು. ಉಳಿದ ಹತ್ತು ಸಾವಿರ ಮಂದಿಯನ್ನು ನೀರಿನ ಬಳಿಯಲ್ಲಿ ಪರೀಕ್ಷಿಸಿ ಮುನ್ನೂರು ಮಂದಿಯನ್ನು ಮಾತ್ರ ಇಟ್ಟುಕೊಳ್ಳಲಾಯಿತು. ಅವರ ಕೈಗೆ ಕೊಟ್ಟದ್ದು ಕತ್ತಿಯನ್ನಲ್ಲ. ಒಂದು ಕೊಂಬು, ಒಂದು ಬರಿದಾದ ಕೊಡ, ಕೊಡದೊಳಗೆ ಒಂದು ಪಂಜು.

ಇಲ್ಲಿಗೆ ಬಂದಾಗ ಅಮ್ಮನವರು ಕಥೆಯನ್ನು ನಿಲ್ಲಿಸಿ, ಎಲ್ಲರಿಗಿಂತ ಚಿಕ್ಕವಳಾಗಿದ್ದ ನನ್ನನ್ನು ಕರೆದು, ನನ್ನ ಕೈಗೆ ಒಂದು ಕೋಲನ್ನು ಕೊಟ್ಟು, “ಈ ಮಡಕೆಯನ್ನು ಒಡೆ” ಎಂದರು. ನನಗೆ ಕೈ ಬರಲಿಲ್ಲ. ನಮ್ಮ ಮನೆಯಲ್ಲಿ ಮಡಕೆ ಒಡೆದರೆ ತಾಯಿ ಎರಡು ದಿನ ಮಾತಾಡುತ್ತಿರಲಿಲ್ಲ. “ಅಮ್ಮ, ಒಳ್ಳೆಯ ಮಡಕೆ” ಎಂದೆನು. ಹುಡುಗಿಯರೆಲ್ಲ ನಕ್ಕರು. ಅಮ್ಮನವರು ನಗಲಿಲ್ಲ. “ಒಳ್ಳೆಯ ಮಡಕೆಯೇ ಹೌದು, ಮಗು. ಅದು ಗಟ್ಟಿಯಾಗಿರುವ ತನಕ ಒಳಗೆ ಬೆಳಕಿದೆಯೆಂದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಅಡಿಗೆಯವಳಿಗೆ ಲೆಕ್ಕ ನಾನು ಒಪ್ಪಿಸುತ್ತೇನೆ, ನೀನು ಒಡೆ” ಎಂದರು. ಕಣ್ಣು ಮುಚ್ಚಿಕೊಂಡು ಹೊಡೆದೆನು. ಮಡಕೆ ಚೂರಾಯಿತು, ಆ ಒಂದು ಬತ್ತಿಯ ಬೆಳಕು ಕೊಠಡಿಯ ನಾಲ್ಕು ಗೋಡೆಗಳನ್ನೂ ಮುಟ್ಟಿತು. ಅಂದು ರಾತ್ರಿ ಹಾಸಿಗೆಯಲ್ಲಿ ಮಲಗಿ ನಾನು ಯೋಚಿಸಿದ್ದು ಮಾತ್ರ ಬೆಳಕಿನ ಮಾತನ್ನಲ್ಲ. ‘ನಾನು ಆ ಕಾಲದಲ್ಲಿದ್ದಿದ್ದರೆ ಮನೆಗೆ ಹೊರಟುಹೋದ ಇಪ್ಪತ್ತೆರಡು ಸಾವಿರದಲ್ಲಿ ಮೊದಲನೆಯವಳಾಗುತ್ತಿದ್ದೆನು’ ಎಂದು ಯೋಚಿಸಿದೆನು. ಆ ಯೋಚನೆ ಸುಳ್ಳಾಗಲಿಲ್ಲ.

೧೯೭೨ರಲ್ಲಿ ನನಗೆ ಒಂದು ತಾಲ್ಲೂಕು ಊರಿನ ಪ್ರಾಥಮಿಕ ಶಾಲೆಗೆ ನೇಮಕವಾಯಿತು. ತಂದೆತಾಯಿಗಳನ್ನು ಬಿಟ್ಟು ಒಬ್ಬಳೇ ಇರಬೇಕಾದ ಮೊದಲ ಸಲ. ಒಬ್ಬ ವೃದ್ಧ ವಿಧವೆಯ ಮನೆಯ ಪಕ್ಕದ ಕೊಠಡಿ ಬಾಡಿಗೆಗೆ ದೊರೆಯಿತು. ತಗಡಿನ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಳಿಸಿದೊಡನೆ ಆ ಅಜ್ಜಿ, “ನೀವು ಯಾವ ಪೈಕಿ, ತಾಯಿ?” ಎಂದು ಕೇಳಿದರು. ಅದರಲ್ಲಿ ದ್ವೇಷವಿರಲಿಲ್ಲ, ಊರು ಯಾವುದು, ಊಟ ಆಯಿತೇ ಎಂದು ಕೇಳುವಂತೆ ಕೇಳಿದ್ದರು. ನನ್ನ ಹೆಸರು ಎಲ್ಲರೂ ಇಟ್ಟುಕೊಳ್ಳುವಂಥ ಕನ್ನಡದ ಹೆಸರು. ಹೆಸರಿನಿಂದ ಏನೂ ತಿಳಿಯುವಂತಿರಲಿಲ್ಲ. ನಾಲ್ಕು ಮನೆಗಳ ಹಳ್ಳಿಯಿಂದ ಬಂದ ನಾನು ಆ ಕ್ಷಣದಲ್ಲಿ ಮತ್ತೆ ಎಣಿಸಿದೆನು: ಈ ಊರಿನಲ್ಲಿ ನಾನು ಒಬ್ಬಳೇ. “ನಾವು ಮೈಸೂರು ಕಡೆಯವರು, ಅಜ್ಜಿ” ಎಂದು ಹೇಳಿದೆನು. ಅವರು ತಮಗೆ ತೋರಿದಂತೆ ಅರ್ಥಮಾಡಿಕೊಂಡು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟರು.

ಆ ಉತ್ತರದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಪೂರ್ತಿ ಸುಳ್ಳು. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕುಳಿತಿದ್ದ ಪೇತ್ರನನ್ನು ಪ್ರಶ್ನೆ ಕೇಳಿದ್ದು ಸಿಪಾಯಿಯಲ್ಲ, ಒಬ್ಬ ದಾಸಿ. ನನ್ನನ್ನು ಕೇಳಿದ್ದು ಒಬ್ಬ ಮುದುಕಿ. ದೊಡ್ಡ ಭಯಕ್ಕೆ ದೊಡ್ಡ ವೈರಿಯೇ ಬೇಕಾಗಿಲ್ಲ.

ಒಮ್ಮೆ ಮರೆಮಾಚಿದ ಮೇಲೆ ಅದನ್ನು ಕಾಯುವ ಕೆಲಸ ದಿನದಿನವೂ ಬೆಳೆಯಿತು. ಸತ್ಯವೇದವನ್ನು ಪೆಟ್ಟಿಗೆಯ ತಳದಲ್ಲಿ ಸೀರೆಗಳ ಕೆಳಗೆ ಇಟ್ಟೆನು. ರಾತ್ರಿ ಅಗುಳಿ ಹಾಕಿಕೊಂಡು ಬುಡ್ಡಿಯ ದೀಪವನ್ನು ಸಣ್ಣದು ಮಾಡಿ ಓದುತ್ತಿದ್ದೆನು. ಭಾನುವಾರ ಜಿಲ್ಲೆಯ ಊರಿಗೆ ಬಸ್ಸಿನಲ್ಲಿ ಹೋಗಿ ಆರಾಧನೆಗೆ ಕೂಡುತ್ತಿದ್ದೆನು. ಅಜ್ಜಿಗೆ ‘ನೆಂಟರ ಮನೆ’ ಎಂದು ಹೇಳುತ್ತಿದ್ದೆನು. ಊರಿನ ಆಸ್ಪತ್ರೆಯ ಕಂಪೌಂಡರರು ನಮ್ಮವರೇ ಎಂದೂ ಅವರ ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆ ನಡೆಯುವುದೆಂದೂ ಎರಡನೆಯ ತಿಂಗಳಿನಲ್ಲಿ ತಿಳಿಯಿತು. ಅಲ್ಲಿಗೆ ಹೋದರೆ ಊರಿಗೆ ತಿಳಿದೀತೆಂದು ಹೋಗಲಿಲ್ಲ. ಬೀದಿಯಲ್ಲಿ ಅವರ ಹೆಂಡತಿ ಎದುರಾದರೆ ಬೇರೆ ಕಡೆ ನೋಡುತ್ತಿದ್ದೆನು. ಸಹೋದರಿಯರೇ, ನನ್ನನ್ನು ಒಂಟಿಯಾಗಿ ಮಾಡಿದ್ದು ಆ ಊರಲ್ಲ. ಇದ್ದ ಒಂದು ಮನೆಯ ಜೊತೆಯನ್ನೂ ನಾನೇ ದೂರಮಾಡಿಕೊಂಡೆನು.

ಗುಟ್ಟನ್ನು ಒಡೆದದ್ದು ನನ್ನ ತಂದೆಯವರ ಒಂದು ಕಾರ್ಡು. ಲಕೋಟೆಗೆ ಹೆಚ್ಚು ದುಡ್ಡಾಗುವುದೆಂದು ಅವರು ಯಾವಾಗಲೂ ಕಾರ್ಡಿನಲ್ಲಿಯೇ ಬರೆಯುವರು. ಅದುವರೆಗೆ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದವರು ಡಿಸೆಂಬರಿನ ರಜೆ ಸಮೀಪಿಸಿತೆಂದು ಮನೆಯ ವಿಳಾಸಕ್ಕೆ ಬರೆದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅಂಚೆಯವನು ಅದನ್ನು ಅಜ್ಜಿಯ ಕೈಗೆ ಕೊಟ್ಟಿದ್ದನು. ಅಜ್ಜಿಗೆ ಓದು ಬಾರದು, ಪಕ್ಕದ ಮನೆಯ ಹುಡುಗನಿಂದ ಓದಿಸಿದ್ದರು. ಮೊದಲನೆಯ ಸಾಲಿನಲ್ಲಿಯೇ ಕರ್ತನ ಹೆಸರಿನ ವಂದನೆ. ಕೊನೆಯಲ್ಲಿ ಕ್ರಿಸ್ಮಸ್ ಆರಾಧನೆಗೆ ದೇವಾಲಯಕ್ಕೆ ಸುಣ್ಣ ಬಳಿಸಿದ ವರ್ತಮಾನ. ನಾನು ಬಾಗಿಲಿಗೆ ಬಂದಾಗ ಅಜ್ಜಿ ಆ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. “ಮೈಸೂರು ಕಡೆಯವರು ಎಂದೆಯಲ್ಲ?” ಎಂದು ಅಷ್ಟೇ ಹೇಳಿ ಒಳಗೆ ಹೋದರು.

ಆ ರಾತ್ರಿ ನಾನು ಪೆಟ್ಟಿಗೆಯನ್ನು ಕಟ್ಟಿದೆನು. ಪ್ರಾರ್ಥಿಸಲು ಮೊಣಕಾಲೂರಿದೆನು, ಮಾತು ಹೊರಡಲಿಲ್ಲ. ಧೈರ್ಯವನ್ನು ಬೇಡಲು ಕೂಡ ನಾಚಿಕೆಯಾಯಿತು. ಬಹಳ ಹೊತ್ತಿನ ಮೇಲೆ ನಿಲಯದ ಆ ಮಡಕೆ ನೆನಪಿಗೆ ಬಂದಿತು. ‘ಕರ್ತನೇ, ನಾನಾಗಿ ಒಡೆಯಲಾರದೆ ಹೋದುದನ್ನು ನನ್ನ ತಂದೆಯ ಕಾರ್ಡಿನಿಂದ ನೀನೇ ಒಡೆದೆ. ಒಳಗೆ ಬೆಳಕು ಏನಾದರೂ ಉಳಿದಿದ್ದರೆ ಅದನ್ನು ಆರಿಸಬೇಡ’ ಎಂದು ಮಾತ್ರ ಹೇಳಲು ಸಾಧ್ಯವಾಯಿತು. ನನ್ನ ಜೀವಮಾನದಲ್ಲಿ ಅದಕ್ಕಿಂತ ಬಲಹೀನವಾದ ಪ್ರಾರ್ಥನೆಯನ್ನು ನಾನು ಮಾಡಿಲ್ಲ. ಅದಕ್ಕಿಂತ ನಿಜವಾದುದನ್ನೂ ಮಾಡಿಲ್ಲ.

ಬೆಳಿಗ್ಗೆ ಅಜ್ಜಿಯ ಬಳಿಗೆ ಹೋಗಿ, “ನಾವು ಕ್ರೈಸ್ತರು. ಹೆದರಿ ಮರೆಮಾಚಿದೆನು. ತಪ್ಪಾಯಿತು” ಎಂದೆನು. ಮುಗುಳ್ನಕ್ಕು ಅಪ್ಪಿಕೊಂಡರೆಂದು ಬರೆದರೆ ಕಥೆ ಚೆನ್ನಾಗಿರುತ್ತಿದ್ದಿತು. ಆದರೆ ಹಾಗೆ ನಡೆಯಲಿಲ್ಲ. ಅವರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ, “ನಿನ್ನ ಜಾತಿಯನ್ನು ಕಂಡು ನನಗೆ ಕೋಪವಲ್ಲ. ನನ್ನನ್ನು ನಂಬದೆ ಹೋದೆಯಲ್ಲ, ಅದಕ್ಕೆ ಕೋಪ. ಇರುವುದಾದರೆ ಇರು. ಬಾವಿಗೆ ಮಾತ್ರ ನಾನು ನೀರು ಸೇದಿಕೊಂಡ ಮೇಲೆ ಬಾ” ಎಂದರು. ಬಾವಿಯ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಆದರೂ ಇದ್ದೆನು. ಅವರಿಗೆ ಅವರ ನೆಂಟರ ಭಯ, ನನಗೆ ನನ್ನ ಭಯ. ಒಂದೇ ಸೂರಿನ ಕೆಳಗೆ ಇಬ್ಬರು ಅಂಜುಬುರುಕಿಯರು ನಾಲ್ಕು ವರ್ಷ ಬಾಳಿದೆವು. ಎರಡನೆಯ ವರ್ಷ ನನಗೆ ವಿಷಮಶೀತಜ್ವರ ಬಂದು ಹಾಸಿಗೆ ಹಿಡಿದಾಗ ಗಂಜಿ ಕಾಯಿಸಿ ಕುಡಿಸಿದವರು ಆ ಅಜ್ಜಿಯೇ. ಜ್ವರ ಇಳಿಯದ ಒಂದು ರಾತ್ರಿ, “ಪೆಟ್ಟಿಗೆಯಿಂದ ನಿನ್ನ ಪುಸ್ತಕ ತೆಗೆಯಲೇ? ನನಗೆ ಓದು ಬಾರದು, ನೀನೇ ಓದಿಕೋ, ನಾನು ದೀಪ ಹಿಡಿಯುತ್ತೇನೆ” ಎಂದು ಲಾಟೀನನ್ನು ಎತ್ತಿ ಹಿಡಿದು ನಿಂತರು. ನಾನು ಬುಡ್ಡಿಯ ದೀಪ ಸಣ್ಣದು ಮಾಡಿ ಓದಿದ ಗ್ರಂಥ ಅದೇ. ಅಂದಿನಿಂದ ಬಾವಿಗೆ ಯಾರು ಮೊದಲು, ಯಾರು ಅನಂತರ ಎಂಬುದನ್ನು ನಮ್ಮಿಬ್ಬರಲ್ಲಿ ಯಾರೂ ನೆನಪಿನಲ್ಲಿಡಲಿಲ್ಲ. ಅವರು ತಮ್ಮ ದೇವರ ಕೋಣೆಯಲ್ಲಿ ಕೊನೆಯವರೆಗೂ ದೀಪ ಹಚ್ಚುತ್ತಿದ್ದರು. ನನ್ನ ಪ್ರಾರ್ಥನೆಯ ಹೊತ್ತಿಗೆ ಅಂಗಳದ ಮಕ್ಕಳನ್ನು ಸದ್ದುಮಾಡದಂತೆ ಗದರಿಸುತ್ತಿದ್ದರು.

ಈ ಸಂಗತಿಯನ್ನೆಲ್ಲ ನಾನು ತಂದೆಯವರಿಗೆ ಬರೆದಾಗ ಅವರು ಗದರಿಸಿಯಾರೆಂದು ಅಂಜಿದ್ದೆನು. ಉತ್ತರ ಬಂದಿತು, ಅದೂ ಕಾರ್ಡಿನಲ್ಲಿಯೇ. ಗಿದ್ಯೋನನ ಕಥೆಯಲ್ಲಿ ನಾನು ಗಮನಿಸದೆ ಬಿಟ್ಟಿದ್ದ ಒಂದು ಸ್ಥಳವನ್ನು ಅವರು ತೋರಿಸಿದ್ದರು. ಮುನ್ನೂರು ಮಂದಿಯನ್ನು ಆರಿಸಿದ ಆ ರಾತ್ರಿಯೇ ದೇವರು ಗಿದ್ಯೋನನಿಗೆ, ನಿನಗೆ ಭಯವಾದರೆ ನಿನ್ನ ಸೇವಕನನ್ನು ಸಂಗಡ ಕರೆದುಕೊಂಡು ಪಾಳೆಯದ ಬಳಿಗೆ ಇಳಿದು ಹೋಗು ಎಂಬರ್ಥದ ಮಾತನ್ನು ಹೇಳಿದನು. ಗಿದ್ಯೋನನು ಸೇವಕನನ್ನು ಕರೆದುಕೊಂಡೇ ಹೋದನು. ಎಂದರೆ ಆತನಿಗೆ ಭಯವಿದ್ದಿತು. ಇಪ್ಪತ್ತೆರಡು ಸಾವಿರ ಜನ ಅಂಜಿ ಮನೆಗೆ ಹೋದರು. ಗಿದ್ಯೋನನು ಅಂಜಿಕೊಂಡೇ ಮುಂದೆ ಹೋದನು. ‘ಅಂಜುವವನಿಗೆ ದೇವರು ಜೊತೆಗೊಬ್ಬನನ್ನು ಕೊಟ್ಟನು. ನೀನು ಕಂಪೌಂಡರರ ಮನೆಗೆ ಹೋಗುತ್ತಿರು’ ಎಂದು ತಂದೆಯವರು ಬರೆದು ಮುಗಿಸಿದ್ದರು. ಆ ವಾರವೇ ಹೋದೆನು. ಆ ಮನೆಯಲ್ಲಿ ದೊಡ್ಡವರು ಇಬ್ಬರು, ಮಕ್ಕಳು ಮೂವರು. ನನ್ನನ್ನು ಸೇರಿಸಿ ಆರು ಮಂದಿ. ತನ್ನ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದರೂ ನಡುವೆ ತಾನಿರುವೆನೆಂದು ಯೇಸು ಸ್ವಾಮಿಯು ವಾಗ್ದಾನ ಮಾಡಿದ್ದಾನಷ್ಟೆ. ಆತನು ಕೇಳಿದ ಎಣಿಕೆಯ ಎರಡರಷ್ಟು ನಾವಿದ್ದೆವು.

ಇದು ನನ್ನಂಥ ಅಲ್ಪಳ ಮಾತಾಯಿತು. ನಮ್ಮ ದೇಶದ ಸಭೆಯ ಚರಿತ್ರೆಯಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ನಿದರ್ಶನಗಳುಂಟು. ಪಾದರಕ್ಷೆ ಹೊಲಿಯುವ ಕೆಲಸದಿಂದ ಬಂದ ವಿಲಿಯಂ ಕೇರಿಯವರು ೧೭೯೩ರಲ್ಲಿ ಬಂಗಾಳಕ್ಕೆ ಬಂದರು. ಅಲ್ಲಿಯ ಹಿಂದುಗಳಲ್ಲಿ ಅವರ ಕೈಯಿಂದ ಮೊದಲನೆಯವನಾಗಿ ದೀಕ್ಷಾಸ್ನಾನ ಹೊಂದಿದ ಕೃಷ್ಣಪಾಲನೆಂಬ ಬಡಗಿ ಮುಂದೆ ಬಂದದ್ದು ೧೮೦೦ನೆಯ ಇಸವಿಯ ಕೊನೆಯಲ್ಲಿ. ಏಳು ವರ್ಷದ ಬೆವರಿಗೆ ಒಂದು ತೆನೆ. ೧೮೧೨ನೆಯ ಮಾರ್ಚ್ ತಿಂಗಳಿನಲ್ಲಿ ಶ್ರೀರಾಮಪುರದ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿಯೂ ಅಚ್ಚಿನ ಮೊಳೆಗಳೂ ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳೂ ಸುಟ್ಟುಹೋದುವು. ಹಾಗೆ ಬೂದಿಯಾದವುಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಒಂದು. ನಮ್ಮ ನುಡಿಯ ಶುಭವರ್ತಮಾನವೇ ಆ ರಾತ್ರಿ ಉರಿದುಹೋಯಿತೆಂಬುದನ್ನು ನಾವು ನೆನೆಯಬೇಕು. ಕೇರಿಯವರು ಕರಗಿದ ಲೋಹವನ್ನು ಕೂಡಿಸಿ ಮತ್ತೆ ಮೊಳೆಗಳನ್ನು ಎರಕಹೊಯ್ಯಿಸಿ, ಸುಟ್ಟ ಪುಟಗಳನ್ನು ಮೊದಲಿನಿಂದ ಬರೆಯತೊಡಗಿದರು. ಅಷ್ಟರಲ್ಲಿ ಇತ್ತ ಬಳ್ಳಾರಿಗೆ ೧೮೧೦ರಲ್ಲಿ ಬಂದಿದ್ದ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡ ಕಲಿತು ಸತ್ಯವೇದವನ್ನು ನಮ್ಮ ಮಾತಿಗೆ ತಿರುಗಿಸುವ ಕೆಲಸಕ್ಕೆ ತೊಡಗಿದರು. ಒಂದು ಕಡೆ ಬೂದಿಯಾದುದು ಇನ್ನೊಂದು ಕಡೆ ಮೊಳೆಯಿತು. ನಾನು ಸೀರೆಗಳ ಕೆಳಗೆ ಬಚ್ಚಿಟ್ಟ ಗ್ರಂಥವು ನಮ್ಮ ಕೈಗೆ ಬರುವುದಕ್ಕೆ ಮುಂಚೆ ಇಷ್ಟು ಬೆಂಕಿಯನ್ನು ದಾಟಿ ಬಂದಿತ್ತು.

ಇನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ತಿಳಿದಿರಬೇಕಾದ ಪಂಡಿತಾ ರಮಾಬಾಯಿಯವರು. ಅವರು ಹುಟ್ಟಿದ್ದು ೧೮೫೮ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಗಸಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕಾಗಿ ಸಮಾಜದಿಂದ ದೂರ ನಿಂತ ಅನಂತಶಾಸ್ತ್ರಿಗಳ ಮಗಳು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಇವರನ್ನು ಕಳೆದುಕೊಂಡರು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, ೧೮೮೨ರಲ್ಲಿ, ಕೈಗೂಸಿನೊಡನೆ ವಿಧವೆಯಾದರು. ಇಂಗ್ಲೆಂಡಿನಲ್ಲಿ ೧೮೮೩ರಲ್ಲಿ ಕ್ರೈಸ್ತರಾದರು. ಸ್ವದೇಶದವರಲ್ಲಿ ಅನೇಕರು ಅವರನ್ನು ಕುಲಗೇಡಿಯೆಂದರು; ಸ್ವತಂತ್ರವಾಗಿ ಯೋಚಿಸುವರೆಂದು ಅಲ್ಲಿಯ ಸಭೆಯ ಹಿರಿಯರಿಗೂ ಅವರ ಮೇಲೆ ಅಸಮಾಧಾನ. ಎರಡು ಕಡೆಯೂ ಅವರು ಅಲ್ಪಸಂಖ್ಯೆಯವರೇ. ೧೮೮೯ರಲ್ಲಿ ಬೊಂಬಾಯಿಯಲ್ಲಿ ಅವರು ವಿಧವೆಯರಿಗಾಗಿ ತೆರೆದ ಶಾರದಾ ಸದನಕ್ಕೆ ಮೊದಲ ದಿನಗಳಲ್ಲಿ ಬಂದವರು ಬೆರಳೆಣಿಕೆಯಷ್ಟು. ನಾಲ್ಕು ವರ್ಷಗಳಾದ ಮೇಲೆ, ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುತ್ತಾರೆಂಬ ಗುಲ್ಲೆದ್ದು ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರು ತಮ್ಮ ಕೊಠಡಿಯ ಬಾಗಿಲನ್ನು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರೆಂಬುದೇ ಅವರ ಮೇಲಿನ ದೂರು. ಅಗುಳಿ ಹಾಕಿಕೊಂಡು ಓದಿದ ನನಗೆ ಇದನ್ನು ಓದಿದಾಗ ತಲೆ ತಗ್ಗಿತು. ೧೮೯೬–೯೭ರ ಬರಗಾಲ ಬಂದಾಗ, ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ತಂದು ಪುಣೆಯ ಸಮೀಪದ ಕೇಡಗಾವಿನಲ್ಲಿ ಸಾಕಿದವರು, ಕಿವಿ ಮಂದವಾಗಿದ್ದ ಆ ಒಬ್ಬ ವಿಧವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗಿದ್ಯೋನನ ಕಥೆಯನ್ನು ಕೇಳಿ, ನಮ್ಮ ನೆರೆಹೊರೆಯವರೇ ಮಿದ್ಯಾನ್ಯರೆಂದು ಯಾರೂ ಭಾವಿಸಬಾರದು. ನನ್ನ ಮಿದ್ಯಾನ್ಯರ ಪಾಳೆಯವು ನನ್ನ ಎದೆಯೊಳಗೆಯೇ ಇಳಿದಿದ್ದಿತು. ನೆರೆಯವಳು ನನಗೆ ಗಂಜಿ ಕುಡಿಸಿದಳು. ದೇವರ ಬಲವೆಂದರೆ ನಾವು ಇತರರನ್ನು ಮೀರಿಸುವ ಬಲವಲ್ಲ. ಅವರೆದುರಿಗೆ ಸತ್ಯವಂತರಾಗಿಯೂ ಪ್ರೀತಿಯುಳ್ಳವರಾಗಿಯೂ ನಿಲ್ಲುವ ಬಲ. ಮತ್ತೊಂದು ಮಾತು: ಗಿದ್ಯೋನನಿಗೆ ಕೇಡು ಬಂದದ್ದು ಮುನ್ನೂರು ಮಂದಿ ಇದ್ದಾಗ ಅಲ್ಲ. ಜಯ ದೊರೆತ ಮೇಲೆ ಕೊಳ್ಳೆಯ ಚಿನ್ನದ ಮುರುವುಗಳನ್ನು ಕೂಡಿಸಿ ಒಂದು ಏಫೋದನ್ನು ಮಾಡಿಸಿ ತನ್ನ ಊರಿನಲ್ಲಿ ಇಟ್ಟನು. ಅದೇ ಅವನ ಮನೆಗೆ ಉರುಲಾಯಿತು. ಬರಿಯ ಕೈಯಲ್ಲಿ ನಿಂತವನು ತುಂಬಿದ ಕೈಯಿಂದ ಎಡವಿದನು. ನಮ್ಮ ಸಭೆಗಳೂ ಶಾಲೆಗಳೂ ಆಸ್ತಿಯಲ್ಲಿಯೂ ಹೆಸರಿನಲ್ಲಿಯೂ ಬೆಳೆದಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಡಮೆ ಮಂದಿ ಎಂಬುದು ಯಾವಾಗಲೂ ಶಾಪವಲ್ಲ. ಹೆಚ್ಚು ಮಂದಿ ಎಂಬುದು ಯಾವಾಗಲೂ ವರವಲ್ಲ.

ಅಪೊಸ್ತಲನಾದ ಪೌಲನು ತನ್ನ ದೇಹದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನು. ಶೂಲವು ಹೋಗಲಿಲ್ಲ, ಕೃಪೆಯು ಸಾಕಾದಷ್ಟು ದೊರೆಯಿತು. ನನ್ನ ಭಯವೂ ಪೂರ್ತಿಯಾಗಿ ಹೋಗಿದೆಯೆಂದು ನಾನು ಹೇಳಲಾರೆನು. ಈಗಲೂ ಹೊಸ ಊರಿನಲ್ಲಿ ಯಾರಾದರೂ ‘ನೀವು ಯಾವ ಪೈಕಿ?’ ಎಂದರೆ ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ. ಆದರೆ ಬಾಯಿ ಸರಿಯಾದ ಉತ್ತರವನ್ನೇ ಹೇಳುತ್ತದೆ. ಆ ಎರಡರ ನಡುವಣ ಚಿಕ್ಕ ಎಡೆಯಲ್ಲಿ ಕರ್ತನು ನಿಂತಿದ್ದಾನೆಂಬುದು ನನ್ನ ಅನುಭವ.

ಪೋಷಕರೇ, ನಿಮ್ಮಲ್ಲಿ ಹೆಚ್ಚಿನವರು ಬೇರೆ ಬೇರೆ ಮತಗಳವರೆಂದು ಬಲ್ಲೆನು. ನಿಮ್ಮ ಮಕ್ಕಳನ್ನು ನಂಬಿಕೆಯಿಂದ ಈ ಶಾಲೆಗೆ ಕಳುಹಿಸಿದ್ದೀರಿ. ನಿಮ್ಮ ಮಗಳ ಪಕ್ಕದಲ್ಲಿ ಕುಳಿತ ಹುಡುಗಿ ತಾನು ಯಾರೆಂಬುದನ್ನು ಅಂಜದೆ ಹೇಳುವಂತೆ ನಿಮ್ಮ ಮಗಳು ನಡೆದುಕೊಂಡರೆ, ಲಾಟೀನು ಹಿಡಿದು ನಿಂತ ನನ್ನ ಅಜ್ಜಿಯ ಪುಣ್ಯ ನಿಮಗೂ ಬರುವುದು. ನಮ್ಮ ಕ್ರೈಸ್ತ ಹುಡುಗಿಯರೇ, ನಿಮ್ಮ ಸಂಖ್ಯೆಯನ್ನು ಎಣಿಸುತ್ತ ಕೂಡಬೇಡಿರಿ. ಎಣಿಸಲೇಬೇಕಾದರೆ ನಿಮ್ಮ ನಡುವೆ ಇರುವಾತನನ್ನೂ ಸೇರಿಸಿ ಎಣಿಸಿರಿ.

ಮೊಮ್ಮಗಳು ಇದೆಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಿ, ಆ ಮಡಕೆಯ ಲೆಕ್ಕವನ್ನು ನಿಮ್ಮ ಅಮ್ಮನವರು ಅಡಿಗೆಯವಳಿಗೆ ಒಪ್ಪಿಸಿದರೇ?” ಎಂದು ಕೇಳಿದಳು. ಒಪ್ಪಿಸಿದರು. ಮರುದಿನವೇ ತಮ್ಮ ಕೈಯಿಂದ ದುಡ್ಡು ಕೊಟ್ಟು ಹೊಸದನ್ನು ತರಿಸಿದರು. ಆ ಮಡಕೆಯಲ್ಲಿ ಬೆಂದ ಸಾರನ್ನು ನಾವೆಲ್ಲರೂ ಉಂಡೆವು. ನಮ್ಮ ಶಾಲೆಗೂ ಅದರಲ್ಲಿ ಓದಿದ, ಓದುತ್ತಿರುವ ಎಲ್ಲ ಹೆಣ್ಣುಮಕ್ಕಳಿಗೂ ದೇವರು ಶುಭವನ್ನು ಅನುಗ್ರಹಿಸಲಿ.

— ಹಳೆಯ ವಿದ್ಯಾರ್ಥಿನಿಯೊಬ್ಬಳು